ಮಳೆ ನಕ್ಷೆಯ ಆ ನೇರ ಗೆರೆ ಬಗ್ಗೆ ಒಂದು ತಕರಾರು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ಬಣ್ಣಬಣ್ಣದ ಮಳೆ ನಕ್ಷೆ ನೋಡ್ದೆ, ಚೆನ್ನಾಗಿತ್ತು, ಕೊಟ್ಟಿಗೆಹಾರದ ಕಡೆ ಕಡುನೀಲಿ, ಕಡೂರಿನ ಕಡೆಗೆ ಹೋಗ್ತಾ ಹೋಗ್ತಾ ಹಳದಿ, ಶಾಲೆ ಮಕ್ಕಳಿಗೂ ಅರ್ಥ ಆಗೋ ಹಂಗಿತ್ತು. ನನ್ನ ತಕರಾರು ನಕ್ಷೆ ಮೇಲಲ್ಲ, ಅದರ ಕೆಳಗೆ ಪುಟ್ಟ ಬಾಕ್ಸಲ್ಲಿ ನಕ್ಷೆ ಹೆಂಗೆ ಮಾಡಿದ್ರು ಅಂತ ಬರೆದಿದ್ರಲ್ಲ, ಅದರ ಮೇಲೆ. ಎರಡು ರೈನ್ ಗೇಜ್ (ಮಳೆ ಮಾಪಕ) ಒಂದೇ ಜಾಗದಲ್ಲಿದ್ರೆ ಅವುಗಳ ಕೋರಿಲೇಶನ್, ಅಂದ್ರೆ ಎರಡರ ಮಳೆ ಎಷ್ಟು ಜೊತೆಜೊತೆಗೆ ಏರಿಳಿಯುತ್ತೆ ಅನ್ನೋ ಅಳತೆ, 1, ಹತ್ತು ಕಿಲೋಮೀಟರ್ ದೂರ ಆದ್ರೆ 0, ಮಧ್ಯದಲ್ಲಿ ದೂರ ಹೆಚ್ಚಾದಂಗೆ ನೇರ ಗೆರೆಯಲ್ಲಿ ಇಳಿಯುತ್ತೆ, ಆಮೇಲೆ ಒಂದಕ್ಕೊಂದು ನಂಟೇ ಇಲ್ಲ ಅಂತ ಹೇಳಿ ಅದಕ್ಕೊಂದು ಗ್ರಾಫ್ ಬೇರೆ ಹಾಕಿದ್ರಿ.

ಆ ಗೆರೆ ಸ್ವಲ್ಪ ಹೆಚ್ಚು ಕಮ್ಮಿ ಆಗಿದೆ, ಹತ್ತು ಇರೋ ಕಡೆ ಹನ್ನೆರಡು ಇರಬೇಕಿತ್ತು ಅಂತ ನಾನು ಹೇಳ್ತಿಲ್ಲ. ನಕ್ಷೆ ಅಂದ್ರೆ ಉದ್ದ ಅಗಲ ಎರಡೂ ಇರೋ ಜಾಗ, ಅಂಥ ಜಾಗದಲ್ಲಿ ಈ ನೇರ ಗೆರೆ ಪ್ರಕಾರ ನಡ್ಕೊಳ್ಳೋ ಮಳೆ ಇರೋದಕ್ಕೇ ಆಗಲ್ಲ. ಮಲೆನಾಡಲ್ಲೂ ಆಗಲ್ಲ, ಮಂಗಳ ಗ್ರಹದಲ್ಲೂ ಆಗಲ್ಲ. ಕಾಲೇಜಲ್ಲಿ ಗಣಿತ ಹೇಳ್ಕೊಟ್ಟು ರಿಟೈರ್ ಆಗಿ ಈಗ ಮೂಡಿಗೆರೆ ಕಡೆ ನಾಲ್ಕು ಕಾಫಿ ಗಿಡ ನೋಡ್ಕೊಂಡಿರೋ ನನಗೆ ಇದನ್ನ ಓದಿ ಸುಮ್ನೆ ಕೂರೋಕಾಗಲಿಲ್ಲ. ಪುರಾವೆಗೆ ದೊಡ್ಡ ಗಣಿತ ಏನೂ ಬೇಡ, ಕೂಡೋದು ಕಳೆಯೋದು ಬಂದ್ರೆ ಸಾಕು, ಅದನ್ನ ಇಲ್ಲೇ ಬರೀತೀನಿ, ಪತ್ರ ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕ್ಬೇಡಿ.

ಇದೆಲ್ಲ ಯಾಕೆ ಬೇಕು ಅಂತ ಕೇಳೋರಿಗೆ ಮೊದಲು ಒಂದು ಮಾತು. ನಮ್ಮ ಕಡೆ ಬೆಳಗ್ಗೆ ಎದ್ದು ಗೇಜ್ ನೋಡಿ ಇಂಚು ಸೆಂಟ್ಸಲ್ಲಿ ಬುಕ್ಕಿಗೆ ಬರೆಯೋದು ಬೆಳೆಗಾರರ ಮನೇಲಿ ತಲೆಮಾರಿನಿಂದ ಬಂದಿರೋ ಪದ್ಧತಿ, ನೂರು ಸೆಂಟ್ಸ್ ಅಂದ್ರೆ ಒಂದು ಇಂಚು, ಅಂದ್ರೆ 25.4 ಮಿಲಿಮೀಟರ್. ಮಾರ್ಚ್ ಏಪ್ರಿಲಲ್ಲಿ ಹೂ ಮಳೆ ಒಂದು ಇಂಚು ಸರಿಯಾಗಿ ಬಂತೋ ಇಲ್ಲ ಬರೀ ಇಪ್ಪತ್ತು ಸೆಂಟ್ಸ್ ಉದುರಿ ಮೊಗ್ಗು ಕೆಡಿಸಿ ಹೋಯ್ತೋ ಅನ್ನೋದ್ರ ಮೇಲೆ ವರ್ಷದ ಫಸಲು ನಿಂತಿರುತ್ತೆ, ಅದಾದ್ಮೇಲೆ ಬ್ಯಾಕಿಂಗ್ ಶವರ್, ಅಂದ್ರೆ ಹೂ ಕಾಯಿ ಕಚ್ಚೋಕೆ ಬೇಕಾದ ಎರಡನೇ ಮಳೆ, ಬೇರೆ ಬರಬೇಕು. ಅಡಿಕೆ ಮೆಣಸಿಗೆ ಹವಾಮಾನ ಆಧಾರಿತ ವಿಮೆ ಅಂತ ಮಾಡಿದಾರೆ, ಅದರಲ್ಲಿ ದುಡ್ಡು ಬರೋದು ಬಿಡೋದು ತೋಟದಲ್ಲಿ ಬಿದ್ದ ಮಳೆ ಮೇಲಲ್ಲ, ಗೇಜಲ್ಲಿ ಬಿದ್ದ ಮಳೆ ಮೇಲೆ. ಹಂಗಾಗಿ ಗೇಜ್ ಇಲ್ಲದ ಕಡೆ ಎಷ್ಟು ಬಿತ್ತು ಅಂತ ಅಂದಾಜು ಮಾಡೋದು, ಆ ಅಂದಾಜು ಎಷ್ಟು ನಂಬಬಹುದು ಅಂತ ಹೇಳೋದು, ಎರಡೂ ನಮಗೆ ಜೇಬಿನ ವಿಷಯ.

ಅಂದಾಜು ಮಾಡೋ ರೀತಿ ಹೀಗೆ. ಸುತ್ತಲಿನ ಗೇಜುಗಳ ಅಂಕಿಗೆ ಒಂದೊಂದಕ್ಕೆ ಒಂದೊಂದು ತೂಕ ಕೊಟ್ಟು ಕೂಡ್ತಾರೆ, ಹತ್ರದ್ದಕ್ಕೆ ಜಾಸ್ತಿ, ದೂರದ್ದಕ್ಕೆ ಕಮ್ಮಿ. ನಿಜವಾದ ಮಳೆಯಿಂದ ಈ ಅಂದಾಜು ಕಳೆದ್ರೆ ಉಳಿಯೋದು ತಪ್ಪು. ಅಂದ್ರೆ ತಪ್ಪು ಅನ್ನೋದು ಬೇರೆ ಬೇರೆ ಜಾಗದ ಮಳೆಗಳಿಗೆ ಕೆಲವಕ್ಕೆ ಪ್ಲಸ್ ಕೆಲವಕ್ಕೆ ಮೈನಸ್ ತೂಕ ಹಾಕಿ ಕೂಡಿದ ಒಂದು ಮೊತ್ತ, ಅಷ್ಟೇ. ಅದರ ವೇರಿಯನ್ಸ್, ಅಂದ್ರೆ ತಪ್ಪು ಎಷ್ಟು ಹರಡಿರುತ್ತೆ ಅನ್ನೋ ಅಳತೆ, ಬೇಕು ಅಂದ್ರೆ ಎರಡೆರಡು ಜಾಗ ತಗೊಂಡು, ಅವುಗಳ ತೂಕ ಗುಣಿಸಿ, ಅವುಗಳ ನಡುವಿನ ಕೋರಿಲೇಶನ್ನಿಂದ ಗುಣಿಸಿ, ಎಲ್ಲ ಜೋಡಿಗೂ ಹಂಗೇ ಮಾಡಿ ಕೂಡಬೇಕು. ವೇರಿಯನ್ಸ್ ಅಂದ್ರೆ ವರ್ಗಗಳ ಸರಾಸರಿ ತಾನೇ, ವರ್ಗ ಯಾವತ್ತೂ ಮೈನಸ್ ಆಗಲ್ಲ, ಆದ್ದರಿಂದ ಈ ಮೊತ್ತ ಯಾವ ಜಾಗ ಆರಿಸಿದ್ರೂ, ಯಾವ ತೂಕ ಹಾಕಿದ್ರೂ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಈ ಪರೀಕ್ಷೆ ಪಾಸಾಗೋ ಫಂಕ್ಷನ್ನಿಗೆ, ಅಂದ್ರೆ ದೂರ ಕೊಟ್ರೆ ಕೋರಿಲೇಶನ್ ಹೇಳೋ ನಿಯಮಕ್ಕೆ, ಪಾಸಿಟಿವ್ ಡೆಫಿನಿಟ್ ಅಂತಾರೆ, ಬರೀ ದೂರವನ್ನ ನೋಡಿ ದಿಕ್ಕನ್ನ ನೋಡದೆ ಇರೋದಕ್ಕೆ ರೇಡಿಯಲ್ ಅಂತಾರೆ. ಹೆಸರಲ್ಲಿ ಪಾಸಿಟಿವ್ ಇದೆ ಅಂತ ಫಂಕ್ಷನ್ನೇ ಎಲ್ಲ ಕಡೆ ಪಾಸಿಟಿವ್ ಇದ್ರೆ ಆಯ್ತು ಅಂದ್ಕೊಳ್ಳೋ ಹುಡುಗ್ರನ್ನ ನಾನು ಕ್ಲಾಸಲ್ಲಿ ಬೇಕಾದಷ್ಟು ನೋಡಿದೀನಿ. ನಿಮ್ಮ ನೇರ ಗೆರೆ ಎಲ್ಲೂ ಸೊನ್ನೆಗಿಂತ ಕೆಳಗಿಲ್ಲ, ಆದ್ರೂ ಫೇಲು.

ಹೆಂಗೆ ಫೇಲು ನೋಡಿ. ಮೂಡಿಗೆರೆ, ಆಲ್ದೂರು, ಚಿಕ್ಕಮಗಳೂರು ಸೇರೋ ಹಂಗೆ ಸುಮಾರು 42 ಕಿಲೋಮೀಟರ್ ಉದ್ದ ಅಷ್ಟೇ ಅಗಲದ ಒಂದು ಚೌಕ ಹಾಕಿ, ಅದರಲ್ಲಿ ಸಾಲಿಗೆ 7ರಂತೆ 7 ಸಾಲು, ಒಟ್ಟು 49 ಗೇಜ್ ಇಟ್ಟಿದೀವಿ ಅಂದ್ಕೊಳ್ಳಿ. ಅಕ್ಕಪಕ್ಕದ ಗೇಜುಗಳ ನಡುವೆ 7.07 ಕಿಲೋಮೀಟರ್, ಅಂದ್ರೆ ಹತ್ತನ್ನ 2ರ ವರ್ಗಮೂಲದಿಂದ ಭಾಗಿಸಿದಷ್ಟು. ಈ ದೂರ ಬೇಕಂತಲೇ ಆರಿಸಿದ್ದು, ಯಾಕಂದ್ರೆ ಹಿಂಗಿಟ್ಟಾಗ ಅಕ್ಕಪಕ್ಕದ ನಾಲ್ಕು ಗೇಜಿನ ಪುಟ್ಟ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಇರೋ ಗೇಜ್ ಸರಿಯಾಗಿ 10 ಕಿಲೋಮೀಟರ್ ಆಗುತ್ತೆ, ನಿಮ್ಮ ನಿಯಮದ ಪ್ರಕಾರ ಅಲ್ಲಿ ಕೋರಿಲೇಶನ್ ಸೊನ್ನೆ, ಅದಕ್ಕಿಂತ ದೂರದ್ದೆಲ್ಲ ಸೊನ್ನೆ. ಉಳಿಯೋದು ಅಕ್ಕಪಕ್ಕದ ಜೋಡಿ ಮಾತ್ರ, ಅಲ್ಲಿ ಕೋರಿಲೇಶನ್ 1ರಲ್ಲಿ 0.7071 ಕಳೆದ್ರೆ 0.2929. ಈಗ ಚದುರಂಗದ ಮಣೆ ಥರ ತೂಕ ಹಾಕಿ, ಕಪ್ಪು ಮನೆಗೆ ಪ್ಲಸ್ 1, ಬಿಳಿ ಮನೆಗೆ ಮೈನಸ್ 1. ಪ್ರತಿ ಗೇಜೂ ತನ್ನ ಜೊತೆ ತಾನು ಸೇರಿ 1 ಕೊಡುತ್ತೆ, ಒಟ್ಟು 49. ಅಕ್ಕಪಕ್ಕದ ಜೋಡಿ ಎಷ್ಟಿದೆ, ಅಡ್ಡಕ್ಕೆ ಏಳಾರ್ಲ ನಲವತ್ತೆರಡು, ಉದ್ದಕ್ಕೆ ಇನ್ನೊಂದು ನಲವತ್ತೆರಡು, ಸೇರಿ 84. ಪ್ರತಿ ಜೋಡೀಲೂ ಒಂದು ಪ್ಲಸ್ ಒಂದು ಮೈನಸ್, ಗುಣಿಸಿದ್ರೆ ಮೈನಸ್ 0.2929, ಜೋಡಿಯನ್ನ ಈ ಕಡೆಯಿಂದ ಒಂದ್ಸಲ ಆ ಕಡೆಯಿಂದ ಒಂದ್ಸಲ ಎಣಿಸಬೇಕಾದ್ರಿಂದ 168 ಸಲ. 168 ಇಂಟು 0.2929 ಅಂದ್ರೆ 49.2. ನಲವತ್ತೊಂಬತ್ತರಲ್ಲಿ 49.2 ಹೋದ್ರೆ ಮೈನಸ್ 0.2.

ವೇರಿಯನ್ಸ್ ಮೈನಸ್ ಬಂತು. ವರ್ಗಗಳ ಸರಾಸರಿ ಮೈನಸ್ ಬಂತು. ಮುಗೀತು ಕಥೆ, ಅಂಥ ಮಳೆ ಇಲ್ಲ.

ಇದರಲ್ಲಿ ಮೋಸ ಎಲ್ಲಿದೆ ಅಂದ್ರೆ ಇದೇ ಆಟ 6 ಸಾಲು 6 ಗೇಜಲ್ಲಿ ಆಡಿದ್ರೆ ಪ್ಲಸ್ 0.85 ಬರುತ್ತೆ, ಏನೂ ತೊಂದರೆ ಕಾಣಲ್ಲ. ಏಳಕ್ಕೆ ಹೋದಾಗ ಬಣ್ಣ ಬಯಲು. 20ಕ್ಕೆ 20 ಇಟ್ರೆ ಮೈನಸ್ 45. ಅದಕ್ಕೇ ಸಣ್ಣ ಡೇಟಾ ಇಟ್ಕೊಂಡು ಟೆಸ್ಟ್ ಮಾಡಿ ಸರಿಯಾಗೇ ಇದೆಯಲ್ಲ ಸಾರ್ ಅನ್ನೋರಿಗೆ ಗೊತ್ತೇ ಆಗಲ್ಲ. ದೊಡ್ಡ ಡೇಟಾ ಹಾಕಿದಾಗ ಕಂಪ್ಯೂಟರ್ರೇ ಮ್ಯಾಟ್ರಿಕ್ಸ್ (ಎಲ್ಲ ಜೋಡಿಗಳ ಕೋರಿಲೇಶನ್ ಬರೆದ ಚೌಕದ ಕೋಷ್ಟಕ) ಪಾಸಿಟಿವ್ ಡೆಫಿನಿಟ್ ಅಲ್ಲ ಅಂತ ಕೆಂಪಕ್ಷರದಲ್ಲಿ ಬೈಯುತ್ತೆ, ಇಂಜಿನಿಯರಿಂಗ್ ಹುಡುಗ್ರಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೆ ಅವರು ಕಂಡ್ಕೊಂಡಿರೋ ಮದ್ದು ಅಂದ್ರೆ ಮ್ಯಾಟ್ರಿಕ್ಸಿನ ಕರ್ಣದ ಮೇಲೆ, ಅಂದ್ರೆ ಪ್ರತಿ ಗೇಜೂ ತನ್ನ ಜೊತೆ ತಾನು ಸೇರೋ ಮನೆಗಳಲ್ಲಿ, 0.01 ಥರದ್ದೊಂದು ಸಣ್ಣ ಅಂಕಿ ಕೂಡಿಸಿಬಿಡೋದು. ಸೋರೋ ಸೂರಿನ ಕೆಳಗೆ ಬಕೆಟ್ ಇಟ್ಟಂಗೆ. ನಮ್ಮ 49 ಗೇಜಿಗೆ ಅದು 0.49 ಕೊಡುತ್ತೆ, ಮೈನಸ್ 0.2 ಹೋಗಿ ಪ್ಲಸ್ಸಿಗೆ ಬರುತ್ತೆ, ಎಲ್ಲರಿಗೂ ಖುಷಿ. 400 ಗೇಜಿಗೆ ಬರೀ 4 ಕೊಡುತ್ತೆ, ಮೈನಸ್ 45ರ ಮುಂದೆ ಅದು ಯಾವ ಲೆಕ್ಕ. ಗೇಜಿನ ಅಳತೇಲೇ ತಪ್ಪಿರುತ್ತೆ, ಅದನ್ನ ತೋರಿಸೋಕೆ ಕರ್ಣದಲ್ಲಿ ಏನಾದ್ರೂ ಕೂಡಿಸ್ತೀವಿ ಅಂದ್ರೆ ಅದು ಬೇರೆ ಮಾತು, ಅದು ನ್ಯಾಯವಾದ ಕೆಲಸ. ಎರರ್ ಮೆಸೇಜ್ ಬಾಯಿ ಮುಚ್ಚಿಸೋಕೆ ಕೂಡಿಸೋದು ನ್ಯಾಯ ಅಲ್ಲ.

ಹಂಗಾದ್ರೆ ನಿಮಗೆ ಆ ಬಾಕ್ಸ್ ಬರೆದುಕೊಟ್ಟ ಎಕ್ಸ್‌ಪರ್ಟ್ ಆ ಗೆರೆ ಎಲ್ಲಿಂದ ತಂದ್ರು ಅಂದ್ರೆ, ಗಾಳಿಯಿಂದ ಅಂತೂ ಅಲ್ಲ. ಒಂದೇ ಗೆರೆ ಮೇಲಿನ ಗೇಜುಗಳಿಗೆ, ಉದಾಹರಣೆಗೆ ನೆಟ್ಟಗಿರೋ ಒಂದು ಹೈವೇ ಪಕ್ಕದಲ್ಲಿ ಸಾಲಾಗಿ ಇಟ್ಟಿರೋ ಗೇಜುಗಳಿಗೆ ಈ ನಿಯಮ ನೂರಕ್ಕೆ ನೂರು ಸರಿ. ಹತ್ತು ಕಿಲೋಮೀಟರ್ ಉದ್ದದ ಎರಡು ಕೋಲು ಒಂದೇ ಗೆರೆ ಮೇಲೆ ಇಟ್ಟು ಒಂದನ್ನ ಸರಿಸ್ತಾ ಹೋಗಿ, ಒಂದರ ಮೇಲೊಂದು ಬಿದ್ದಿರೋ ಭಾಗ ನೇರ ಗೆರೆಯಲ್ಲೇ ಕಮ್ಮಿ ಆಗ್ತಾ ಹೋಗಿ ಹತ್ತಕ್ಕೆ ಸೊನ್ನೆ ಆಗುತ್ತೆ. ರಸ್ತೆ ಉದ್ದಕ್ಕೂ ಒಂದಕ್ಕೊಂದು ಸಂಬಂಧ ಇಲ್ಲದ ಹನಿಗಳು ಬೀಳ್ತಾ ಇದಾವೆ, ಪ್ರತಿ ಜಾಗದ ಮಳೆ ಅಂದ್ರೆ ಆ ಜಾಗವನ್ನ ನಡುವಲ್ಲಿಟ್ಟ ಕೋಲಿನೊಳಗೆ ಬಿದ್ದದ್ದರ ಮೊತ್ತ ಅಂತ ಇಟ್ಕೊಂಡ್ರೆ, ಎರಡು ಜಾಗಕ್ಕೆ ಇರೋ ನಂಟು ಎರಡು ಕೋಲಿಗೂ ಸೇರಿದ ಭಾಗದಷ್ಟೇ. ಅಂದ್ರೆ ಅಂಥ ಮಳೆ ಕಟ್ಟಿ ತೋರಿಸಬಹುದು, ಸಂಶಯಕ್ಕೆ ಜಾಗ ಇಲ್ಲ. ಅಷ್ಟೇ ಅಲ್ಲ, ಒಂದು ಗೆರೆ ಮೇಲೆ 1ರಿಂದ ಶುರುವಾಗಿ ಜೋತ ಹಗ್ಗದಂಗೆ ಒಳಗೆ ಬಗ್ಗಿಕೊಂಡು ಇಳಿದು ಸೊನ್ನೆಗೆ ಹೋಗೋ ಯಾವ ಕರ್ವ್ ಆದ್ರೂ ಸರಿ ಅಂತ ಪೋಲ್ಯಾ ಅನ್ನೋ ಹಂಗೇರಿಯ ಗಣಿತಜ್ಞ ತೋರಿಸಿದಾರೆ, ಮೊಣಕೈ ಥರ ಮುರಿದ ಗೆರೆ ಕೂಡ ನಡೆಯುತ್ತೆ. ನಮ್ಮ ಡಿಗ್ರಿ ಸಿಲೆಬಸ್ಸಲ್ಲಿ ಹೇಳ್ಕೊಡೋದೆಲ್ಲ ಈ ಒಂದು ಗೆರೆ ಲೆಕ್ಕ, ಟೈಮ್ ಸೀರೀಸ್ (ಕಾಲ ಕಳೆದಂಗೆ ಸಾಲಾಗಿ ಬರೋ ಅಂಕಿಗಳು) ಲೆಕ್ಕ, ಹಂಗಾಗಿ ಕಲಿತೋರು ಅದನ್ನೇ ತಂದು ನಕ್ಷೆ ಮೇಲೆ ಹಾಸಿಬಿಡ್ತಾರೆ.

ನಕ್ಷೆಗೆ ಕೋಲು ಸಾಲದು, ಬಿಲ್ಲೆ ಬೇಕು. ಹತ್ತು ಕಿಲೋಮೀಟರ್ ವ್ಯಾಸದ ಎರಡು ದುಂಡು ಬಿಲ್ಲೆ ಒಂದರ ಮೇಲೊಂದಿಟ್ಟು ಒಂದನ್ನ ಸರಿಸಿ, ಸೇರಿದ ಭಾಗ ನೇರ ಗೆರೆಯಲ್ಲಿ ಇಳಿಯಲ್ಲ, ಮೊದಲು ಬೇಗ ಬೇಗ ಇಳಿದು ಕೊನೇಲಿ ನಿಧಾನ ಆಗುತ್ತೆ. ಐದು ಕಿಲೋಮೀಟರ್ ಸರಿಸಿದಾಗ ಕೋಲಿನಲ್ಲಿ 0.5 ಉಳಿದಿದ್ರೆ ಬಿಲ್ಲೆಯಲ್ಲಿ ಉಳಿಯೋದು 0.391. ಬಿಲ್ಲೆ ಬದಲು ಚೆಂಡಿನಂಥ ಗುಂಡು ಇಟ್ರೆ 0.3125. ಈ ಗುಂಡಿನ ಲೆಕ್ಕ ಗಣಿಗಾರಿಕೆಯವರಿಗೆ ಬಹಳ ಹಳೇ ಸ್ನೇಹಿತ, ಸ್ಫೆರಿಕಲ್ ಮಾಡೆಲ್ ಅಂತಾರೆ, ದೂರವನ್ನ ಹತ್ತರಿಂದ ಭಾಗಿಸಿ ಅದರ ಒಂದೂವರೆ ಪಟ್ಟನ್ನ 1ರಿಂದ ಕಳೆದು ಅದರ ಘನದ ಅರ್ಧ ಕೂಡಿಸಿದ್ರೆ ಆಯ್ತು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳಲ್ಲಿ ಅಲ್ಲೊಂದು ಇಲ್ಲೊಂದು ಸ್ಯಾಂಪಲ್ ನೋಡಿ ಮಧ್ಯದಲ್ಲಿ ಎಷ್ಟು ಚಿನ್ನ ಇದೆ ಅಂತ ಹೇಳೋ ಸಮಸ್ಯೆಯನ್ನ ಡ್ಯಾನಿ ಕ್ರೀಗ 1951ರಲ್ಲಿ ಕೈಗೆತ್ತಿಕೊಂಡ್ರು, ಫ್ರಾನ್ಸಿನ ಜಾರ್ಜ್ ಮಥೆರಾಂ ಅದಕ್ಕೆ ಗಣಿತದ ಬುನಾದಿ ಹಾಕಿ ಅವರ ಹೆಸರಲ್ಲೇ ಕ್ರೀಗಿಂಗ್ ಅಂತ ಕರೆದ್ರು. ನಿಮ್ಮ ಮಳೆ ನಕ್ಷೆ ಮಾಡಿರೋದೂ ಆ ಕ್ರೀಗಿಂಗ್ ಜಾತಿಯ ಲೆಕ್ಕದಲ್ಲೇ. ಚಿನ್ನದ ಗಣಿಯವರು ಮೂರು ದಿಕ್ಕಿಗೂ ಹೋಗ್ಬೇಕಾದ್ರಿಂದ ಗುಂಡನ್ನ ಹಿಡ್ಕೊಂಡ್ರು, ಅದು ಕೆಳಗಿನ ಆಯಾಮಕ್ಕೂ ನಡೆಯುತ್ತೆ, ಯಾಕಂದ್ರೆ ನಕ್ಷೆ ಮೇಲಿನ ಯಾವ 49 ಜಾಗವೂ ಮೂರು ಆಯಾಮದ ಜಾಗದಲ್ಲೂ ಇದ್ದೇ ಇರುತ್ತಲ್ಲ. ಮೇಲಿನ ಆಯಾಮದ ಪರ್ಮಿಟ್ ಕೆಳಗೆ ನಡೆಯುತ್ತೆ, ಕೆಳಗಿನದ್ದು ಮೇಲೆ ನಡೆಯಲ್ಲ.

ಇಷ್ಟು ಹೇಳಿದ್ಮೇಲೆ ಫ್ರಾನ್ಸಿನ ಗಣಿತಜ್ಞ ಫೂರಿಯರ್ ಹೆಸರು ಎತ್ತದೆ ಇರೋಕಾಗಲ್ಲ. ಶಾಖ ಹೆಂಗೆ ಹರಡುತ್ತೆ ಅಂತ ನೋಡೋಕೆ ಹೋಗಿ ಯಾವ ಆಕಾರವನ್ನಾದ್ರೂ ಅಲೆಗಳಾಗಿ ಬಿಡಿಸಬಹುದು ಅಂದವರು ಅವರು, ಅದು ಇನ್ನೂರು ವರ್ಷದ ಹಿಂದಿನ ಮಾತು. ಪಾಸಿಟಿವ್ ಡೆಫಿನಿಟ್ ಫಂಕ್ಷನ್ನಿನ ಗುಟ್ಟು ಅಲ್ಲೇ ಇದೆ ಅಂತ 1930ರ ದಶಕದ ಶುರುವಿನಲ್ಲಿ ಸಾಲಮನ್ ಬೋಕ್ನರ್ ತೋರಿಸಿದ್ರು. ನಿಮ್ಮ ಕರ್ವನ್ನ ಅಲೆಗಳಾಗಿ ಬಿಡಿಸಿ, ಒಂದೊಂದು ಅಲೆಗೆ ಎಷ್ಟು ಪಾಲು ಬಂತು ನೋಡಿ, ಯಾವ ಪಾಲೂ ಮೈನಸ್ ಇಲ್ಲದಿದ್ರೆ ಪಾಸ್, ಎಲ್ಲಾದ್ರೂ ಮೈನಸ್ ಇದ್ರೆ ಫೇಲ್, ಮಧ್ಯದಲ್ಲಿ ಇನ್ನೊಂದಿಲ್ಲ. ಕೋಟಿ ಜಾಗ ಕೋಟಿ ತೂಕ ಹಾಕಿ ನೋಡೋ ತಲೆನೋವನ್ನ ಒಂದೇ ಲೆಕ್ಕಕ್ಕೆ ಇಳಿಸಿದ್ರು ಪುಣ್ಯಾತ್ಮ. ಅವರು ಯಹೂದಿ, ಮ್ಯೂನಿಕ್ಕಲ್ಲಿ ಪಾಠ ಹೇಳ್ತಿದ್ದೋರು 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಾದ ಪ್ರಿನ್ಸ್‌ಟನ್‌ಗೆ ಹೋಗಬೇಕಾಯ್ತು.

ನಮ್ಮ ನೇರ ಗೆರೆಯನ್ನ ಒಂದು ಆಯಾಮದಲ್ಲಿ ಬಿಡಿಸಿದ್ರೆ ಬರೋ ಪಾಲು ಸೈನ್ ಫಂಕ್ಷನ್ನಿನ ವರ್ಗವನ್ನ ಅಲೆಯ ಸಂಖ್ಯೆಯ ವರ್ಗದಿಂದ ಭಾಗಿಸಿದ್ದು, ಎಲ್ಲ ವರ್ಗಗಳೇ, ಮೈನಸ್ ಆಗೋಕೆ ದಾರಿ ಇಲ್ಲ. ಅದೇ ಗೆರೆಯನ್ನ ನಕ್ಷೆ ಮೇಲೆ ಎಲ್ಲ ದಿಕ್ಕಿಗೂ ತಿರುಗಿಸಿ ಡೇರೆ ಥರ ನಿಲ್ಲಿಸಿ ಬಿಡಿಸಿದ್ರೆ ಕೆಲವು ಅಲೆಗಳ ಪಾಲು ಮೈನಸ್ಸಿಗೆ ಹೋಗುತ್ತೆ, ಅದರಲ್ಲಿ 10 ಕಿಲೋಮೀಟರ್ ಉದ್ದದ ಅಲೆಯೂ ಒಂದು. ಈಗ ಆ ಚದುರಂಗದ ಮಣೆಯನ್ನ ಮೂಲೆಯಿಂದ ಮೂಲೆಗೆ ನೋಡಿ, ಓರೆಯಾಗಿ ಪ್ಲಸ್ ಸಾಲು, 5 ಕಿಲೋಮೀಟರ್ ಬಿಟ್ಟು ಮೈನಸ್ ಸಾಲು, ಇನ್ನೈದು ಬಿಟ್ಟು ಮತ್ತೆ ಪ್ಲಸ್ ಸಾಲು. ಹತ್ತು ಕಿಲೋಮೀಟರ್ ಅಲೆ! ಚದುರಂಗ ಸುಮ್ನೆ ಹೊಳೆದಿದ್ದಲ್ಲ, ಕಳ್ಳ ಎಲ್ಲಿದಾನೆ ಅಂತ ಫೂರಿಯರ್ ಹೇಳಿದ ಮೇಲೆ ಅಲ್ಲೇ ಬಲೆ ಹಾಕಿದ್ದು.

ರೇಡಿಯಲ್ ಫಂಕ್ಷನ್ನಿಗೆ ಈ ಲೆಕ್ಕ ಇನ್ನೂ ಚೆಂದ ಆಗುತ್ತೆ. ದಿಕ್ಕಿಗೆ ಬೆಲೆ ಇಲ್ಲ ಅಂದ್ಮೇಲೆ ಒಂದು ಅಲೆಯನ್ನ ಎಲ್ಲ ದಿಕ್ಕಿಗೂ ತಿರುಗಿಸಿ ಸರಾಸರಿ ತಗೋಬೇಕು, ಸಮತಲದಲ್ಲಿ ಹಂಗೆ ಮಾಡಿದ್ರೆ ಸಿಗೋದು ಬೆಸೆಲ್ ಫಂಕ್ಷನ್, ಕೆರೆಗೆ ಕಲ್ಲೆಸೆದಾಗ ಏಳೋ ಉಂಗುರಗಳ ಲೆಕ್ಕದಲ್ಲಿ ಬರುತ್ತಲ್ಲ ಅದೇ. ಮೂರು ಆಯಾಮದಲ್ಲಿ ಸಿಗೋದು ಸೈನನ್ನ ದೂರದಿಂದ ಭಾಗಿಸಿದ್ದು. ಸಮತಲದ ಎಲ್ಲ ನಿರಂತರ ರೇಡಿಯಲ್ ಪಾಸಿಟಿವ್ ಡೆಫಿನಿಟ್ ಫಂಕ್ಷನ್ನೂ ಈ ಬೆಸೆಲ್ ಅಲೆಗಳನ್ನೇ ಬೇರೆ ಬೇರೆ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಮೈನಸ್ ಇಲ್ಲದ ತೂಕದಲ್ಲಿ ಬೆರೆಸಿದ್ದು ಅಂತ 1938ರಲ್ಲಿ ಐಸಾಕ್ ಶೋನ್‌ಬರ್ಗ್ ಬರೆದ್ರು, ರೊಮೇನಿಯಾದವರು, ಯುದ್ಧಕಾಲದಲ್ಲಿ ಅಮೆರಿಕಾದ ಸೈನ್ಯಕ್ಕೆ ತೋಪಿನ ಗುಂಡಿನ ಪಥದ ಲೆಕ್ಕ ಮಾಡ್ತಾ ಸ್ಪ್ಲೈನ್ (ತುಂಡುಗಳನ್ನ ಜೋಡಿಸಿ ಎಳೆಯೋ ನುಣುಪು ಕರ್ವ್) ಅನ್ನೋದಕ್ಕೆ ಬುನಾದಿ ಹಾಕಿದ್ದೂ ಅವರೇ. ಇದರಿಂದ ಕೂತಲ್ಲೇ ಒಂದು ಲಾಭ ಇದೆ. ಆ ಬೆಸೆಲ್ ಅಲೆ ಮೈನಸ್ 0.403ಕ್ಕಿಂತ ಕೆಳಗೆ ಇಳಿಯಲ್ಲ, ಆದ್ದರಿಂದ ದೂರ ಮಾತ್ರ ಲೆಕ್ಕಕ್ಕೆ ಬರೋ ಯಾವ ನಕ್ಷೇಲೂ ಎರಡು ಜಾಗದ ಕೋರಿಲೇಶನ್ ಅದಕ್ಕಿಂತ ಕೆಳಗೆ ಹೋಗೋ ಹಾಗಿಲ್ಲ. ಇಲ್ಲಿ ಮಳೆ ಬಂದ್ರೆ ಅಷ್ಟು ದೂರದಲ್ಲಿ ಗ್ಯಾರಂಟಿ ಬರಲ್ಲ ಅನ್ನೋ ಹಂತಕ್ಕೆ, ಅಂದ್ರೆ ಮೈನಸ್ 1ಕ್ಕೆ, ಹೋಗೋಕೇ ಆಗಲ್ಲ. ಬೆಸೆಲ್ ಗೊತ್ತಿಲ್ಲದೋರು ಮೂರು ಗೇಜನ್ನ ಸಮಬಾಹು ತ್ರಿಕೋನದಲ್ಲಿಟ್ಟು ಮೂರಕ್ಕೂ ತೂಕ 1 ಹಾಕಿ ನೋಡಿ, 3 ಕೂಡಿಸು ಕೋರಿಲೇಶನ್ನಿನ ಆರು ಪಟ್ಟು, ಇದು ಸೊನ್ನೆಗಿಂತ ಕಮ್ಮಿ ಆಗಬಾರದು, ಅಂದ್ರೆ ಮೈನಸ್ ಅರ್ಧಕ್ಕಿಂತ ಕೆಳಗೆ ಇಳಿಯಲ್ಲ ಅಂತ ಇಷ್ಟರಲ್ಲೇ ಸಿಕ್ತು. ಮೂರು ಜನ ಒಬ್ಬರಿಗೊಬ್ಬರು ಪೂರ್ತಿ ಉಲ್ಟಾ ಇರೋಕಾಗಲ್ಲ, ಇಬ್ಬರಾದ್ರೂ ಸ್ವಲ್ಪ ಒಂದೇ ಕಡೆ ವಾಲಲೇಬೇಕು.

ಶೋನ್‌ಬರ್ಗ್ ಅಲ್ಲಿಗೆ ನಿಲ್ಲಿಸಲಿಲ್ಲ. ಎರಡಲ್ಲ ಮೂರಲ್ಲ, ಎಷ್ಟು ಆಯಾಮ ಆದ್ರೂ ಸರಿ ಹೋಗೋ ಕರ್ವ್ ಯಾವುದು ಅಂತ ಕೇಳಿದ್ರು, ಉತ್ತರ ಬಂತು, ಗೌಸಿಯನ್ ಗಂಟೆಯಾಕಾರದ ಕರ್ವುಗಳ ಮಿಶ್ರಣ, ಅಷ್ಟೇ, ಬೇರೆ ಯಾವುದೂ ಇಲ್ಲ. ಗಂಟೆ ಕರ್ವ್ ಯಾವತ್ತೂ ಪೂರ್ತಿ ಸೊನ್ನೆ ಮುಟ್ಟಲ್ಲ, ಹಂಗಾಗಿ ಇಷ್ಟು ಕಿಲೋಮೀಟರ್ ಆದ್ಮೇಲೆ ನಂಟು ಸೊನ್ನೆ ಅನ್ನೋ ಯಾವ ನಿಯಮವೂ ಎಲ್ಲ ಆಯಾಮಕ್ಕೂ ನಡೆಯಲ್ಲ, ಎಲ್ಲೋ ಒಂದು ಕಡೆ ಅದರ ಪರ್ಮಿಟ್ ಮುಗೀಲೇಬೇಕು. ನಿಮ್ಮ ನೇರ ಗೆರೆಯದ್ದು ಒಂದರಲ್ಲೇ ಮುಗೀತು. ಸ್ಫೆರಿಕಲ್ ಮಾಡೆಲ್ ಮೂರರ ತನಕ ಬರುತ್ತೆ.

ಹಂಗಂತ ಗಂಟೆ ಕರ್ವನ್ನೇ ಹಾಕಿಬಿಡಿ ಅಂತ ನಾನು ಹೇಳಲ್ಲ, ಅದು ಕಾನೂನು ಪ್ರಕಾರ ಸರಿ, ನಮ್ಮ ಮಳೆಗೆ ಸರಿಯಲ್ಲ. ಗಂಟೆ ಕರ್ವ್ ಎಷ್ಟು ನುಣುಪು ಅಂದ್ರೆ ಒಂದು ಎಕರೆಯಲ್ಲಿ ಬಿದ್ದ ಮಳೆಯನ್ನ ಕರಾರುವಾಕ್ಕಾಗಿ ನೋಡಿದ್ರೆ ಇಡೀ ಜಿಲ್ಲೆಯ ಮಳೆ ಹೇಳಬಹುದು ಅಂತ ಅರ್ಥ ಬರುತ್ತೆ, ಇಲ್ಲಿ ಹೂ ಮಳೆ ಕಾಲದಲ್ಲಿ ರಸ್ತೆ ಈ ಕಡೆ ಒದ್ದೆ ಆ ಕಡೆ ಧೂಳು ಇರುತ್ತೆ. ನನ್ನ ಓಟು ಎಕ್ಸ್‌ಪೊನೆನ್ಷಿಯಲ್ ಕರ್ವಿಗೆ, ಪ್ರತಿ ಇಷ್ಟು ಕಿಲೋಮೀಟರಿಗೆ ಉಳಿದಿದ್ದರಲ್ಲಿ ಇಂತಿಷ್ಟು ಭಾಗ ಕಮ್ಮಿ ಆಗ್ತಾ ಹೋಗೋದು, ಅದೂ ಗಂಟೆಗಳ ಮಿಶ್ರಣವೇ, ಎಲ್ಲ ಆಯಾಮಕ್ಕೂ ನಡೆಯುತ್ತೆ, ಹತ್ರದಲ್ಲೇ ಒರಟಾಗಿರುತ್ತೆ. ಎಷ್ಟು ಒರಟು ಎಷ್ಟು ನುಣುಪು ಅಂತ ತಿರುಪು ತಿರುಗಿಸಿ ಹೊಂದಿಸ್ಕೊಳ್ಳೋ ಒಂದು ಕುಟುಂಬವೇ ಇದೆ, ಮಟೇರ್ನ್ ಅಂತಾರೆ, ಸ್ವೀಡನ್ನಿನಲ್ಲಿ ಕಾಡಿನ ಸರ್ವೆ ಮಾಡ್ತಿದ್ದ ಬೆರ್ಟಿಲ್ ಮಟೇರ್ನ್ 1960ರ ಪ್ರಬಂಧದಲ್ಲಿ ಬರೆದದ್ದು. ಕಾಡು ಮರ ಅಳೆಯೋರು ಮಾಡಿದ ಲೆಕ್ಕ ಕಾಫಿ ಸೀಮೆಗೆ ಹೊಂದದೆ ಇರುತ್ತಾ.

ಇಲ್ಲ, ನಮಗೆ ಹತ್ತು ಕಿಲೋಮೀಟರಿಗೆ ಸೊನ್ನೆ ಆಗಲೇಬೇಕು, ಲೆಕ್ಕ ಸುಲಭ ಆಗುತ್ತೆ ಅಂತ ನಿಮ್ಮ ಎಕ್ಸ್‌ಪರ್ಟ್ ಹಟ ಮಾಡಿದ್ರೆ ಅದಕ್ಕೂ ದಾರಿ ಇದೆ, ಗೆರೆಯನ್ನ ಎಸೆಯೋದೂ ಬೇಡ. ಆ ನೇರ ಗೆರೆಯ ಬೆಲೆಯನ್ನ ಒಂದೂವರೆ ಘಾತಕ್ಕೆ ಏರಿಸಿ, ಅಂದ್ರೆ ಅದನ್ನ ಅದರದೇ ವರ್ಗಮೂಲದಿಂದ ಗುಣಿಸಿ. ಅಮೆರಿಕಾದ ಗಣಿತಜ್ಞ ರಿಚರ್ಡ್ ಆಸ್ಕಿ 1973ರಲ್ಲಿ ಈ ದಾರಿ ತೆರೆದ್ರು, ಪೂರ್ತಿ ಉತ್ತರ ಏನಂದ್ರೆ ಆಯಾಮಕ್ಕೆ ಒಂದು ಕೂಡಿಸಿ ಅರ್ಧ ಮಾಡಿದಷ್ಟು ಘಾತ ಕನಿಷ್ಠ ಬೇಕು, ಗೆರೆಗೆ 1, ನಕ್ಷೆಗೆ 1.5, ಗಣಿಗೆ 2. ಅದಕ್ಕಿಂತ ಒಂದು ಚೂರು ಕಮ್ಮಿ ಆದ್ರೂ ಎಲ್ಲೋ ಒಂದು ಕಡೆ ಮೈನಸ್ ಹುಟ್ಟುತ್ತೆ. ನಮ್ಮ ಚದುರಂಗಕ್ಕೆ ಹಾಕಿ ನೋಡಿ, 0.2929 ಇದ್ದದ್ದು 0.1585 ಆಗುತ್ತೆ, 168ರಿಂದ ಗುಣಿಸಿದ್ರೆ 26.6, 49ರಲ್ಲಿ ಕಳೆದ್ರೆ 22.4 ಪ್ಲಸ್ಸಲ್ಲೇ ಉಳಿಯುತ್ತೆ. ಅಂದಹಾಗೆ ಈ ಆಸ್ಕಿ ನಮ್ಮ ರಾಮಾನುಜನ್ ಅವರ ದೊಡ್ಡ ಅಭಿಮಾನಿ, ಗಂಡನ ಪ್ರತಿಮೆ ಯಾರೂ ಮಾಡಿಸಲಿಲ್ಲ ಅಂತ ರಾಮಾನುಜನ್ ಅವರ ಹೆಂಡತಿ ಜಾನಕಿ ಅಮ್ಮಾಳ್ ನೊಂದ್ಕೊಂಡಿದ್ದು ತಿಳಿದು 1980ರ ದಶಕದಲ್ಲಿ ಗಣಿತದವರ ಹತ್ರ ದುಡ್ಡು ಎತ್ತಿ ಅಮೆರಿಕಾದ ಶಿಲ್ಪಿ ಗ್ರಾನ್‌ಲಂಡ್ ಅವರಿಂದ ಮಾಡಿಸಿಕೊಟ್ಟೋರು. ವಿಷಯಕ್ಕೆ ಸಂಬಂಧ ಇಲ್ಲ, ಆದ್ರೂ ಹೇಳ್ಬೇಕು ಅನ್ನಿಸ್ತು.

ಇದೆಲ್ಲ ಹಳೇ ಗಣಿತ, ಈಗ ಯಾರಿಗೆ ಬೇಕು ಅನ್ನೋರಿಗೆ ಒಂದೇ ಮಾತು. 2022ರಲ್ಲಿ ಗಣಿತದ ದೊಡ್ಡ ಪ್ರಶಸ್ತಿ ಫೀಲ್ಡ್ಸ್ ಮೆಡಲ್ ಪಡೆದ ಉಕ್ರೇನಿನ ಮರೀನಾ ವಿಯಾಜೊವ್‌ಸ್ಕಾ 8 ಆಯಾಮದಲ್ಲಿ ಗುಂಡುಗಳನ್ನ ಅತಿ ಒತ್ತಾಗಿ ಜೋಡಿಸೋದು ಹೆಂಗೆ ಅಂತ 2016ರಲ್ಲಿ ಸಾಧಿಸಿದ್ದು ಇದೇ ಜಾತಿಯ ಒಂದು ರೇಡಿಯಲ್ ಫಂಕ್ಷನ್ ಕಟ್ಟಿ, ತಾನೂ ತನ್ನ ಫೂರಿಯರ್ ಟ್ರಾನ್ಸ್‌ಫಾರ್ಮೂ (ಅಲೆಗಳಾಗಿ ಬಿಡಿಸಿದಾಗ ಸಿಗೋ ಪಾಲುಗಳು) ಹೇಳಿದ ಕಡೆ ಮೈನಸ್ ಪ್ಲಸ್ ಇರೋ ಹಂಗೆ.

ಇನ್ನೊಂದು ಸಂಗತಿ ನಿಮ್ಮ ಬಾಕ್ಸಲ್ಲಿ ಬರದೇ ಹೋಗಿದೆ, ನಮ್ಮ ಜಿಲ್ಲೆಗೆ ಅದು ಘಾತಕ್ಕಿಂತ ದೊಡ್ಡದು. ದೂರ ಮಾತ್ರ ಮುಖ್ಯ, ದಿಕ್ಕು ಲೆಕ್ಕಕ್ಕಿಲ್ಲ ಅನ್ನೋದೇ ಘಟ್ಟದ ಕಡೆ ಅನುಮಾನದ ಮಾತು. ಕೊಟ್ಟಿಗೆಹಾರದಿಂದ ವಾಯವ್ಯಕ್ಕೆ ಕಳಸದ ಕಡೆ ಹೋದ್ರೆ ಅದೇ ಘಟ್ಟದ ಅಂಚು, ಅದೇ ಮುಂಗಾರು. ಅಷ್ಟೇ ದೂರ ಪೂರ್ವಕ್ಕೆ ಬನ್ನಿ, ಲೋಕವೇ ಬೇರೆ, ಹಾಸನ ಜಿಲ್ಲೆಯಲ್ಲೂ ಸಕಲೇಶಪುರಕ್ಕೂ ಅರಸೀಕೆರೆಗೂ ಇದೇ ಕಥೆ. ಅದಕ್ಕೆ ಮದ್ದು ಕಷ್ಟ ಅಲ್ಲ, ಲೆಕ್ಕ ಮಾಡೋಕೆ ಮುಂಚೆ ನಕ್ಷೆಯನ್ನ ಪೂರ್ವ ಪಶ್ಚಿಮಕ್ಕೆ ಎಳೆದು ಹಿಗ್ಗಿಸಿ, ಆ ಹಿಗ್ಗಿದ ನಕ್ಷೆ ಮೇಲಿನ ದೂರಕ್ಕೆ ರೇಡಿಯಲ್ ಕರ್ವ್ ಹಾಕೋದು. ಜಾಗಗಳನ್ನ ಹಿಗ್ಗಿಸಿದ್ರೂ ಅವು ಜಾಗಗಳೇ ಆದ್ದರಿಂದ ಪಾಸಿಟಿವ್ ಡೆಫಿನಿಟ್ ಅನ್ನೋದು ಕೆಡಲ್ಲ. ಎಷ್ಟು ಹಿಗ್ಗಿಸಬೇಕು ಅನ್ನೋದನ್ನ ಮಾತ್ರ ಡೇಟಾ ಹೇಳ್ಬೇಕು, ಆ ಡೇಟಾ ಬೇರೆಲ್ಲೂ ಹುಡುಕೋದು ಬೇಡ, ತಲೆಮಾರಿನಿಂದ ಇಂಚು ಸೆಂಟ್ಸ್ ಬರೆದಿಟ್ಟಿರೋ ತೋಟದ ಬುಕ್ಕುಗಳು ಈ ಎರಡು ಜಿಲ್ಲೇಲಿ ಬೀರುಗಳಲ್ಲಿ ಕೂತಿವೆ.

ಹಂಗಾಗಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಮಳೆ ನಕ್ಷೆ ಹಾಕುವಾಗ ಅದರ ಕೆಳಗೆ ಯಾವ ಕರ್ವ್ ಹಾಕಿದ್ರಿ, ಎಷ್ಟು ಕಿಲೋಮೀಟರ್ ಅಂತ ಇಟ್ಕೊಂಡ್ರಿ, ದಿಕ್ಕಿಗೆ ಏನು ಮಾಡಿದ್ರಿ, ಗೇಜುಗಳು ಎಲ್ಲೆಲ್ಲಿವೆ ಅಂತ ನಾಲ್ಕು ಸಾಲು ಹಾಕಿ. ಅಂದಾಜಿನ ತಪ್ಪು ಎಷ್ಟಿರಬಹುದು ಅನ್ನೋದಕ್ಕೆ ಪಕ್ಕದಲ್ಲಿ ಇನ್ನೊಂದು ಸಣ್ಣ ನಕ್ಷೆ ಹಾಕಿದ್ರೆ ಇನ್ನೂ ಒಳ್ಳೇದು, ಗೇಜ್ ಹತ್ರ ತಪ್ಪು ಕಮ್ಮಿ, ದೂರ ಹೋದಂಗೆ ಜಾಸ್ತಿ ಅಂತ ಓದುಗರಿಗೆ ಕಣ್ಣಿಗೆ ಕಾಣುತ್ತೆ. ನೇರ ಗೆರೆಯ ಆ ಬಾಕ್ಸಿಗೆ ಒಂದು ತಿದ್ದುಪಡಿ ಹಾಕಿ, ಬೇಕಾದ್ರೆ ಒಂದೂವರೆ ಘಾತ ಅಂತ ಎರಡೇ ಪದ ಸೇರಿಸಿದ್ರೂ ನಡೆಯುತ್ತೆ. 49 ಗೇಜಿನ ಲೆಕ್ಕದಲ್ಲಿ ಯಾರಿಗಾದ್ರೂ ಸಂಶಯ ಬಂದ್ರೆ ನಿಮ್ಮ ಪತ್ರಿಕೆ ಮೂಲಕವೇ ಕೇಳಲಿ, ಇದೇ ಅಂಕಣದಲ್ಲಿ ಉತ್ತರ ಬರೀತೀನಿ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಗಣಿತ ಮೇಷ್ಟ್ರು,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ